ಬೇಡ ಎಂದ ಮಗಳು

“ಗುರುಗಳೇ, ಮೊಬೈಲು ದಿನವಿಡೀ ಮಾತಾಡುತ್ತದೆ, ಹಾಡುತ್ತದೆ. ಅದನ್ನೇ ಕೇಳುತ್ತ ಕೂರುವ ನನ್ನ ಮಗನಿಗೆ ಮೂರು ವರ್ಷವಾದರೂ ಮಾತು ಬಂದಿಲ್ಲ. ಯಾಕೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಪುಟ್ಟ ಮಗಳನ್ನು ಅಂಗಡಿಗೆ ಕರೆತರುತ್ತಿದ್ದ. ಗಿರಾಕಿಗಳ ನಡುವೆ ಅವಳು ಸೀರೆ ಎಳೆದಾಡಬಾರದೆಂದು ಕೈಗೆ ಮೊಬೈಲು ಕೊಟ್ಟು ಮೂಲೆಯಲ್ಲಿ ಕೂರಿಸುತ್ತಿದ್ದ.

“ಸಾಹುಕಾರ್ರೇ, ನಿಮ್ಮ ಮಗಳಿಗೆ ಈಗಲೇ ಭಾರೀ ಗತ್ತು. ಕರೆದರೆ ತಿರುಗಿಯೂ ನೋಡಲ್ಲ!” ಎಂದು ಹಳೇ ಗಿರಾಕಿಯೊಬ್ಬಳು ನಕ್ಕಳು.

ವ್ಯಾಪಾರಿಯೂ ನಕ್ಕ. ಆಮೇಲೆ ಮಗಳತ್ತ ತಿರುಗಿ ನೋಡಿದ. ಓರಗೆಯ ಮಕ್ಕಳು ಬಾಯಿಜಗಳವಾಡುತ್ತಿದ್ದವು. ಇವಳು ಇನ್ನೂ ‘ಅಪ್ಪ’ ಎಂದು ಕೂಡ ಕರೆದಿರಲಿಲ್ಲ. ಮಾಲು ಓಡದಿದ್ದರೆ ಇನ್ನಷ್ಟು ಬಗೆ ತರಿಸುವುದು ಅವನಿಗೆ ಗೊತ್ತಿದ್ದ ದಾರಿ. ದೊಡ್ಡ ಮೊಬೈಲು ತಂದ. ಕನ್ನಡದ ಹಾಡು ಸಾಲದೆಂದು ಇಂಗ್ಲಿಷಿನವನ್ನೂ ಹಾಕಿಕೊಟ್ಟ. ಮಗಳು ಇನ್ನೂ ಮೌನವಾದಳು.

ಕಿವಿ ಕೇಳಿಸುವುದಿಲ್ಲವೇನೋ ಎಂದು ಹೆದರಿ ವೈದ್ಯೆಯ ಬಳಿ ಕರೆದೊಯ್ದ. ಅವರು ಪರೀಕ್ಷೆಗಳನ್ನೆಲ್ಲ ಮಾಡಿಸಿ, “ಕಿವಿ ಚೆನ್ನಾಗಿದೆ. ಅದಿರಲಿ, ನೀವು ಸೀರೆ ಹೇಗೆ ಮಾರುತ್ತೀರಿ?” ಎಂದು ಕೇಳಿದರು.

“ಬಿಚ್ಚಿ ಹರಡುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ಅವರ ಮುಖ ನೋಡುತ್ತ ಕೂರುತ್ತೇನೆ. ಅವರು ಮುಟ್ಟಿ ನೋಡಬೇಕು, ಅವರೇ ಏನಾದರೂ ಅನ್ನಬೇಕು. ಅಷ್ಟರೊಳಗೆ ನಾನು ಬಡಬಡಿಸಿದರೆ ಎದ್ದು ಹೋಗುತ್ತಾರೆ, ಡಾಕ್ಟ್ರೇ.”

“ನಿಮ್ಮ ಮೊಬೈಲು ಹಾಗೆ ಕಾಯುತ್ತದೆಯೆ?”

ಮರುದಿನ ವ್ಯಾಪಾರಿ ಮೊಬೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಮಗಳು ನೆಲದ ಮೇಲೆ ಹೊರಳಾಡಿ ಅತ್ತಳು. ಗಿರಾಕಿಗಳು ಎದುರಂಗಡಿಗೆ ಹೋದರು. ಅವನು ಬೀಗ ತೆಗೆಯಲಿಲ್ಲ. ಅಳು ನಿಂತ ಮೇಲೆ ಎರಡು ರವಿಕೆ ಕಣ ತಂದು ಅವಳ ಮುಂದೆ ಹರಡಿ, “ಯಾವುದು ಕೊಡಲಿ, ತಾಯಿ?” ಎಂದು ಕೇಳಿ ಸುಮ್ಮನೆ ಕೂತ. ಉತ್ತರವಿಲ್ಲ. ಮಡಿಚಿಟ್ಟ. ಬಿಡುವಾದಾಗಲೆಲ್ಲ ಮತ್ತೆ ಹರಡಿದ, ಮತ್ತೆ ಕಾದ. ವಾರಗಟ್ಟಲೆ ಹೀಗೇ ನಡೆಯಿತು.

ಒಂದು ದಿನ ಮಗಳು ಹಳದಿ ಕಣವನ್ನು ಆಚೆ ತಳ್ಳಿ, “ಬೇಡ” ಎಂದಳು.

ಗಿರಾಕಿಗಳು ಆ ಮಾತು ಆಡಿದಾಗಲೆಲ್ಲ ಅವನು ಮುಖ ಸಿಂಡರಿಸಿಕೊಂಡವನೇ. ಅಂದು ಮಾತ್ರ ಬೀದಿಗೆ ಬಂದು ಎದುರಂಗಡಿಗೆ ಕೂಗಿ ಹೇಳಿದ: “ಶೆಟ್ರೇ, ಕೇಳಿದಿರಾ? ನನ್ನ ಮಗಳು ಬೇಡ ಅಂದಳು!”

“ನಿಮ್ಮ ಅಂಗಡಿಗೆ ಬಂದವರೆಲ್ಲ ಅನ್ನುವುದು ಅದನ್ನೇ ಅಲ್ಲವೇನ್ರೀ?” ಎಂದ ಶೆಟ್ಟಿ.

ವ್ಯಾಪಾರಿಗೆ ಕೋಪವೇ ಬರಲಿಲ್ಲ. ಒಳಗೆ ಹೋಗಿ ಇನ್ನೊಂದು ಕಣ ಹರಡಿದ. ಅದೂ ಬೇಡ. ಮತ್ತೊಂದು. ಅದೂ ಬೇಡ. ಸಂಜೆಯ ಹೊತ್ತಿಗೆ ಅರ್ಧ ಅಂಗಡಿ ನೆಲದ ಮೇಲಿತ್ತು. ಎಷ್ಟೋ ತಿಂಗಳ ಮೇಲೆ ಅವನು ಅಂದು ನೆಮ್ಮದಿಯಾಗಿ ಊಟ ಮಾಡಿದ.

ಕತೆ ಕೇಳಿ ಶಿಷ್ಯನಿಗೆ ಹೋದ ಜೀವ ಬಂದಂತಾಯಿತು. “ಹಾಗಾದರೆ ನನ್ನ ಮಗನಿಗೂ ದಾರಿಯಿದೆ. ಈಗಲೇ ಹೋಗಿ ಮೊಬೈಲು ಕಿತ್ತುಕೊಳ್ಳುತ್ತೇನೆ” ಎಂದು ಎದ್ದು ನಿಂತ.

ಗುರುಗಳು ಅವನ ಮುಖ ನೋಡಿ ಕೇಳಿದರು: “ಕಿತ್ತುಕೊ, ಅದರ ಜಾಗದಲ್ಲಿ ಕೂರುವವರು ಯಾರು?”