ಮೂತಪ್ಪ ಕಿತ್ತ ಕಳೆ

ಹುಲ್ಲುಕೆರೆಯ ಏರಿಯ ಕೆಳಗೆ ಎರಡು ಆಮೆಗಳಿದ್ದವು. ಗಂಡ ಚಿಪ್ಪಯ್ಯ, ಹೆಂಡತಿ ಚಿಪ್ಪಮ್ಮ. ಇಬ್ಬರಿಗೂ ತೋಟದ ಹುಚ್ಚು. ಉಗುರಿನಿಂದ ಕೆರೆದು ಕೆರೆದು ಒಂದು ಗುಣಿ ತೋಡಲು ಅವರಿಗೆ ಎರಡು ದಿನ ಹಿಡಿಯುತ್ತಿತ್ತು. ಹಾಗೆ ತಿಂಗಳುಗಟ್ಟಲೆ ಕೆರೆದು ಒಂದು ಸೇವಂತಿಗೆ ಮಡಿ ಮಾಡಿದ್ದರು. ಅದರ ಪಕ್ಕದಲ್ಲಿ ಒಂದಿಷ್ಟು ಗೆಣಸಿನ ಬಳ್ಳಿ.

ಬೇಲಿಯ ಆಚೆ ಮೂತಪ್ಪ ಎಂಬ ಕಾಡುಹಂದಿಯ ಮನೆ. ಮನಸ್ಸು ಒಳ್ಳೆಯದು ಮಕ್ಕಳೇ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಆತುರ ವಿಪರೀತ. ಯಾರ ಮಾತನ್ನೂ ಅವನು ಕೊನೆಯತನಕ ಕೇಳಿದ್ದೇ ಇಲ್ಲ. ಅರ್ಧ ಕಿವಿಗೆ ಬೀಳುವಷ್ಟರಲ್ಲಿ ಕಾಲು ಹೊರಟಿರುತ್ತಿತ್ತು.

ಅಂಥವನ ಕಾಲಿಗೆ ಒಮ್ಮೆ ಜಾಲಿ ಮುಳ್ಳು ನೆಟ್ಟು ಹತ್ತು ದಿನ ಮಲಗಿಬಿಟ್ಟ. ಆ ಹತ್ತು ದಿನವೂ ಚಿಪ್ಪಮ್ಮ ಗೆಣಸು ಬೇಯಿಸಿದಳು, ಚಿಪ್ಪಯ್ಯ ಬೆನ್ನ ಮೇಲೆ ಹೊತ್ತು ತಂದ. ಬೆಳಗ್ಗೆ ಹೊರಟ ಗೆಣಸು ಬೇಲಿ ದಾಟಿ ಬರುವಾಗ ಮಧ್ಯಾಹ್ನವಾಗಿ, ತಣ್ಣಗಾಗಿರುತ್ತಿತ್ತು. ಆದರೆ ಒಂದು ದಿನವೂ ತಪ್ಪಲಿಲ್ಲ.

ಕಾಲು ವಾಸಿಯಾದ ಕೂಡಲೇ ಮೂತಪ್ಪ ಹುಣಸೆಮರದ ಗೊರವಂಕದ ಹತ್ತಿರ ಹೋದ.

"ಗೊರವಂಕಮ್ಮ, ಆಮೆ ಅಣ್ಣನಿಗೂ ಅತ್ತಿಗೆಗೂ ಏನಾದರೂ ಉಡುಗೊರೆ ಕೊಡಬೇಕು. ಅವರ ಋಣ ನನ್ನ ಮೇಲಿದೆ. ಏನು ಕೊಡಲಿ?"

"ನೀನೇ ಏನು ಯೋಚಿಸಿದ್ದೀಯಪ್ಪ?"

"ಒಂದು ಒಳ್ಳೆಯ ಕೆಸರಿನ ಹೊಂಡ. ದಿನಾ ಹೊರಳಾಡಲಿ ಪಾಪ."

ಗೊರವಂಕಕ್ಕೆ ನಗು ತಡೆಯಲಾಗಲಿಲ್ಲ. "ಅದು ನಿನಗೆ ಬೇಕಾದದ್ದು ಮಾರಾಯ. ಅವರಿಗೆ ತೋಟ ಅಂದರೆ ಪ್ರಾಣ. ತೋಟಕ್ಕೆ ಬೇಕಾದದ್ದು ಕೊಡು. ಏನು ಬೇಕು ಅಂತ ಅವರನ್ನೇ ಒಂದು ಮಾತು..."

'ಕೇಳು' ಎಂಬುದು ಇನ್ನೂ ಕೊಕ್ಕಿನಲ್ಲೇ ಇತ್ತು. ಮೂತಪ್ಪ ಆಗಲೇ ಬೇಲಿಯ ಹತ್ತಿರ ತಲುಪಿದ್ದ.

ಬೇಲಿಯ ಆಚೆ ಆಮೆ ದಂಪತಿ ಮಡಿಯ ಮುಂದೆ ನಿಂತಿದ್ದರು. ಚಿಪ್ಪಯ್ಯ ನಿಧಾನವಾಗಿ ಹೇಳಿದ, "ಅಂತೂ ತೋಟಕ್ಕೆ ಕಳೆ ಬಂತು ಕಣೇ."

ಚಿಪ್ಪಮ್ಮ ಇನ್ನೂ ನಿಧಾನವಾಗಿ, "ಹೌದೂಂದ್ರೆ, ಎಷ್ಟು ಕಳೆ ನೋಡಿ" ಎಂದಳು.

ಕಳೆ ಅಂದರೆ ಏನು ಮಕ್ಕಳೇ? ಬೇಡದ ಗಿಡಕ್ಕೂ ಕಳೆ ಅನ್ನುತ್ತೇವೆ. ಮದುಮಗಳ ಮುಖದಲ್ಲಿ ಹೊಳೆಯುತ್ತದಲ್ಲ, ಆ ಚೆಲುವಿಗೂ ಕಳೆ ಅನ್ನುತ್ತೇವೆ. ಆಮೆಗಳು ಯಾವ ಕಳೆಯ ಮಾತಾಡುತ್ತಿದ್ದವು? ಸ್ವಲ್ಪ ಹೊತ್ತು ಬಿಟ್ಟು ಚಿಪ್ಪಮ್ಮ ಅದನ್ನೂ ಹೇಳಿದಳು: "ಮೊಗ್ಗು ಬಿಟ್ಟಮೇಲೆ ತೋಟದ ಮುಖವೇ ಬೇರೆಯಾಯಿತು. ಹೂ ಅರಳುವುದನ್ನು ಕಣ್ಣಾರೆ ನೋಡಿಬಿಟ್ಟರೆ ನನಗೆ ಇನ್ನೇನೂ ಬೇಡ."

ಅದನ್ನು ಕೇಳಿಸಿಕೊಳ್ಳಲು ಮೂತಪ್ಪ ಅಲ್ಲಿರಲಿಲ್ಲ. ಅವನು ಮನೆಗೆ ಓಡಿಹೋಗಿ ತನ್ನ ಮೂತಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದ.

ಮರುದಿನ ಬೆಳಗ್ಗೆ ಆಮೆಗಳು ಮಡಕೆ ಹೊತ್ತು ಕೆರೆಗೆ ನೀರಿಗೆ ಹೋದವು. ಏರಿ ಹತ್ತಿ ಇಳಿದು ಬರಲು ಅವರಿಗೆ ಅರ್ಧ ದಿನ ಬೇಕು. ಇದೇ ಸಮಯವೆಂದು ಮೂತಪ್ಪ ತೋಟಕ್ಕೆ ನುಗ್ಗಿದ. ಗೆಣಸಿನ ಗುರುತು ಅವನಿಗಿತ್ತು, ತಿನ್ನುವ ವಸ್ತುವಲ್ಲವೇ, ಅದನ್ನು ಮುಟ್ಟಲಿಲ್ಲ. ಸೇವಂತಿಗೆಯ ಒಂದು ಎಲೆ ಕಚ್ಚಿ ನೋಡಿದ. ಕಹಿ. ಥೂ ಎಂದು ಉಗಿದ. ತನಗೆ ರುಚಿಸದ್ದೆಲ್ಲ ಅವನ ಪಾಲಿಗೆ ಬೇಡದ ಗಿಡವೇ. ಒಂದು ಗಳಿಗೆಯಲ್ಲಿ ಇಡೀ ಮಡಿಯನ್ನು ಬೇರುಸಹಿತ ಎಬ್ಬಿಸಿ, ಹೊಂಗೆಮರದ ನೆರಳಿನಲ್ಲಿ ಗುಡ್ಡೆ ಹಾಕಿದ.

ಆಮೆಗಳು ಬಂದಾಗ ಮೂತಪ್ಪ ಬಾಲ ಆಡಿಸುತ್ತ ನಿಂತಿದ್ದ.

"ಅಣ್ಣ, ಅತ್ತಿಗೆ, ಇದು ನನ್ನ ಉಡುಗೊರೆ. ಈಗ ನೋಡಿ, ತೋಟದಲ್ಲಿ ಹುಡುಕಿದರೂ ಕಳೆ ಸಿಗುವುದಿಲ್ಲ."

ಚಿಪ್ಪಯ್ಯ ಬರಿದಾದ ಮಡಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. "ಹೌದಪ್ಪ" ಎಂದ. "ನಮ್ಮ ತೋಟದಲ್ಲಿ ಈಗ ಕಳೆಯೇ ಇಲ್ಲ."

ಚಿಪ್ಪಮ್ಮ ಮಡಕೆ ಕೆಳಗಿಟ್ಟಳು. ಕಾಲು ನಾಲ್ಕೂ ಒಳಗೆಳೆದುಕೊಂಡಳು, ತಲೆಯನ್ನೂ ಒಳಗೆಳೆದುಕೊಂಡಳು. ಬರೀ ಚಿಪ್ಪು ಉಳಿಯಿತು.

"ಅತ್ತಿಗೆ ಯಾಕೆ ಒಳಗೆ ಹೋದರು?" ಎಂದ ಮೂತಪ್ಪ. ಚಿಪ್ಪಯ್ಯ ವಿಷಯವನ್ನೆಲ್ಲ ಹೇಳಿದ. ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮೂತಪ್ಪ ತನ್ನ ಜನ್ಮದಲ್ಲಿ ಮೊದಲ ಸಲ ಒಂದು ಮಾತನ್ನು ಪೂರ್ತಿ ಕೇಳಿದ. ಕೇಳುತ್ತ ಕೇಳುತ್ತ ಅವನ ಬಾಲ ನಿಂತಿತು, ಕಿವಿ ಜೋತುಬಿತ್ತು. ನಾಚಿಕೆಯಿಂದ ಕುಗ್ಗಿಹೋದ.

ಅವನು ಚಿಪ್ಪಿನ ಮುಂದೆ ಹೋಗಿ ಕುಳಿತ. "ಅತ್ತಿಗೆ, ತಪ್ಪಾಯಿತು. ಈಗ ನಾನು ಏನು ಮಾಡಲಿ, ನೀವೇ ಹೇಳಿ."

ಮೂತಪ್ಪ ಕದಲಲಿಲ್ಲ. ಹೊಂಗೆಯ ನೆರಳು ಒಂದು ಮಾರು ಸರಿಯಿತು. ಆಗ ಚಿಪ್ಪಿನೊಳಗಿನಿಂದ ಸಣ್ಣ ದನಿ ಬಂತು.

"ಬೇರು ಒಣಗಿದೆಯೋ?"

"ಇಲ್ಲ ಅತ್ತಿಗೆ. ಮಣ್ಣು ಇನ್ನೂ ಹಸಿಯಿದೆ."

ತಲೆ ಮೆಲ್ಲಗೆ ಹೊರಗೆ ಬಂತು. "ಹಾಗಾದರೆ ಇವತ್ತೇ ನೆಡಬೇಕು. ಅರವತ್ತು ಗಿಡಕ್ಕೆ ಅರವತ್ತು ಗುಣಿ. ಇಂದು ಸಂಜೆಯೊಳಗೆ ತೋಡಲು ನಮ್ಮ ಕೈಲಾಗದು."

"ನನ್ನ ಕೈಲಾಗುತ್ತದೆ" ಎಂದು ಮೂತಪ್ಪ ಎದ್ದ. ಹಾಗೇ ಓಡಲು ಹೊರಟವನು ತಡೆದು ನಿಂತ. "ಎಲ್ಲಿ ತೋಡಲಿ? ಎಷ್ಟು ಆಳ?"

"ಈ ಗೆರೆಯಲ್ಲಿ. ನನ್ನ ಕುತ್ತಿಗೆ ಇಳಿಯುವಷ್ಟು."

ಮೂತಪ್ಪ ತೋಡಿದ, ಚಿಪ್ಪಮ್ಮ ನೆಟ್ಟಳು, ಚಿಪ್ಪಯ್ಯ ನೀರೆರೆದ. ಹೊತ್ತು ಮುಳುಗುವ ಮುಂಚೆ ಮಡಿ ತುಂಬಿತು. ಆದದ್ದನ್ನು ಆದಂತೆಯೇ ಹೇಳಬೇಕು, ಹನ್ನೊಂದು ಗಿಡ ಬದುಕಲಿಲ್ಲ. ಉಳಿದವು ಒಂದು ವಾರ ಬಾಡಿದಂತಿದ್ದು ಚೇತರಿಸಿಕೊಂಡವು. ತಿಂಗಳಾಗುವಷ್ಟರಲ್ಲಿ ಮಡಿಯ ತುಂಬ ಹಳದಿ ಹೂ. ಚಿಪ್ಪಮ್ಮ ಕಣ್ತುಂಬ ನೋಡಿದಳು.

"ಮೂತಪ್ಪ" ಎಂದಳು, "ಗುಣಿ ತೋಡಿಯೇ ನಮ್ಮ ಆಯಸ್ಸು ಸವೆಯುತ್ತಿತ್ತು. ನೀನು ಕೊಟ್ಟ ಉಡುಗೊರೆ ಅಂದರೆ ಆ ಅರವತ್ತು ಗುಣಿ. ಬದನೆಗೂ ಒಂದು ಮಡಿ ಮಾಡುವ ಆಸೆಯಿದೆ, ಬರುತ್ತೀಯಾ?"

"ಬರುತ್ತೇನೆ ಅತ್ತಿಗೆ. ನೀವು ನಿಧಾನವಾಗಿ ಪೂರ್ತಿ ಹೇಳಿ ಮುಗಿಸಿ" ಎಂದು ಮೂತಪ್ಪ ನೆಲದ ಮೇಲೆ ಆರಾಮಾಗಿ ಕುಳಿತುಕೊಂಡ. "ಆಮೇಲೆಯೇ ಮೂತಿ ಇಡುತ್ತೇನೆ."

ನೀತಿ: ಪ್ರೀತಿಯಿಂದ ಕೊಡುವುದಾದರೂ, ಪಡೆಯುವವರಿಗೆ ಬೇಕಾದದ್ದೇನೆಂದು ಪೂರ್ತಿ ಕೇಳಿ ತಿಳಿದೇ ಕೊಡಬೇಕು.