ಜಿಂಕೆಮರಿಯ ನಿದ್ದೆ

ನಮ್ಮ ಡ್ರಿಲ್ ಮೇಷ್ಟ್ರು ಹಾಲಪ್ಪನವರು ಹೇಳಿದ ಕಥೆಯಿದು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಜಿಂಕೆಮರಿಗೆ ಮೊಲ ಓಟ ಕಲಿಸುತ್ತಿತ್ತು, ಗಿಳಿ ಪಾಠ ಹೇಳುತ್ತಿತ್ತು. ಪಂದ್ಯವೂ ಪರೀಕ್ಷೆಯೂ ಒಂದೇ ವಾರ ಬಂದವು. ಮೊಲ ನಸುಕಿಗೇ ಎಬ್ಬಿಸಿತು. ಗಿಳಿ ಹೊತ್ತಿಗೆ ಮಲಗಗೊಡಲಿಲ್ಲ. ಒಂದು ದಿನ ಮರಿ ಓಡುತ್ತಲೇ ತೂಕಡಿಸಿ ಮುಗ್ಗರಿಸಿತು.

“ನಿನ್ನ ಪಾಠದಿಂದ ಕಣಯ್ಯ, ಬಾಯಿಬಡುಕ!” ಎಂದಿತು ಮೊಲ.

“ನಿನ್ನ ಓಟದಿಂದ, ನಿಂತಲ್ಲಿ ನಿಲ್ಲದವನೇ!” ಎಂದಿತು ಗಿಳಿ.

ತಾಯಿಜಿಂಕೆ ಮರಿಯ ಮಂಡಿ ನೆಕ್ಕುತ್ತಾ, “ಸ್ವಾಮಿ, ದಿನವನ್ನೆಲ್ಲ ನೀವಿಬ್ಬರೇ ಹಂಚಿಕೊಂಡಿರಿ. ಮಗುವಿಗೇನು ಉಳಿಸಿದಿರಿ?” ಎಂದಿತು.



ಮರುದಿನ ನಸುಕಿಗೆ ಮೊಲ ಬಂದಾಗ, ಮಲಗಿದ್ದ ಮರಿಗೆ ರೆಕ್ಕೆಯಿಂದ ಗಾಳಿ ಬೀಸುತ್ತಿದ್ದ ಗಿಳಿ “ಶ್!” ಎಂದಿತು. ಮೊಲ ಕಾಲು ಮಡಿಸಿ ಪಕ್ಕದಲ್ಲಿ ಕುಳಿತುಕೊಂಡಿತು.

ಆಟ ಕಲಿಸುವವರಿಗೂ ಪಾಠ ಹೇಳುವವರಿಗೂ ಇದನ್ನು ದಯವಿಟ್ಟು ಹೇಳಿ.