ನಾಲ್ಕು ಕಡ್ಡಿ ಟವರ್

"ಗುರುಗಳೇ, ಮೋಡೆಮ್ ಬಿದ್ದರೆ ಏಳು ಸೆಕೆಂಡಿನಲ್ಲಿ ನಾನೇ ಎಬ್ಬಿಸುತ್ತೇನೆ. ಆ ಏಳು ಸೆಕೆಂಡಿನ ಸುದ್ದಿಯನ್ನು ಮೇಲಿನವರಿಗೆ ಹೇಳಲೇಬೇಕೇ?" ಎಂದು ಫಕೀರೇಶ ಕೇಳಿದ.

ಫಕೀರೇಶ ಡ್ರೈವರ್ ಬರೆಯುವುದನ್ನು ಕಲಿಯುತ್ತಿದ್ದ. ಲಾರಿಯದಲ್ಲ, ಫೋನಿನದು. ಫೋನಿನ ಒಳಗೆ ಕರ್ನಲ್ ಎಂಬ ಯಜಮಾನನಿದ್ದಾನೆ. ಟವರಿನ ಜೊತೆ ಮಾತಾಡಲು ಮೋಡೆಮ್ ಎಂಬ ಇನ್ನೊಬ್ಬನಿದ್ದಾನೆ. ಇಬ್ಬರ ಭಾಷೆಯೂ ಬೇರೆ. ನಡುವೆ ನಿಂತು ಅವನ ಮಾತನ್ನು ಇವನಿಗೆ, ಇವನ ಮಾತನ್ನು ಅವನಿಗೆ ಮುಟ್ಟಿಸುವ ಬರಹವೇ ಡ್ರೈವರ್. ಹೊಸ ಚಿಪ್ ಒಂದಕ್ಕೆ ಅದನ್ನು ರೂಪಿಸುವ ಕೆಲಸವನ್ನು ಗುರುಗಳು ಫಕೀರೇಶನಿಗೆ ಒಪ್ಪಿಸಿದ್ದರು. ಮರುದಿನ ಅದನ್ನು ಕಳುಹಿಸಬೇಕಿತ್ತು. ಕಳುಹಿಸಿದ ಮೇಲೆ ಅದು ಎಷ್ಟು ಲಕ್ಷ ಫೋನುಗಳಿಗೆ ಹೋಗುತ್ತದೆಂದು ಯಾರಿಗೂ ಲೆಕ್ಕ ಸಿಗುವುದಿಲ್ಲ.

"ಹೇಳಿದರೆ ಏನಾಗುತ್ತದೆ?" ಎಂದರು ಗುರುಗಳು.

"ಕರ್ನಲ್ ಎಲ್ಲ ಬಾಗಿಲು ಮುಚ್ಚುತ್ತದೆ. ಪರದೆಯ ಮೇಲೆ ಟವರ್ ಹೋಗುತ್ತದೆ. ಜನ ಬೈಯುತ್ತಾರೆ. ಅವರು ಬೈದು ಮುಗಿಸುವಷ್ಟರಲ್ಲಿ ಮೋಡೆಮ್ ಎದ್ದು ಕೂತಿರುತ್ತದೆ. ಸುಮ್ಮನೆ ಯಾಕೆ ಗಾಬರಿ? ಅದು ನಮ್ಮ ಚಿಪ್ಪಿನ ಒಳಗೇ ಇದೆ. ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ."

ಗುರುಗಳು ಕನ್ನಡಕ ತೆಗೆದು ಮಡಿಚಿಟ್ಟರು. "ಹೀಗೇ ಕೇಳಿದವನು ಇನ್ನೊಬ್ಬನಿದ್ದ. ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಡ್ರೈವರ್ ಬರೆಯುವವನಿದ್ದ. ಕೈ ಚುರುಕು, ಮನಸ್ಸೂ ಒಳ್ಳೆಯದು. ಅವನು ಒಬ್ಬ ವ್ಯಾಪಾರಿಗೆ ಕೆಲಸ ಮಾಡಿಕೊಡುತ್ತಿದ್ದ. ವ್ಯಾಪಾರಿ ಫೋನು ಮಾಡಿಸಿ ಮಾರುವವನು.

ಹಿಂದೆ ಮೋಡೆಮ್ ಹೊರಗಿತ್ತು. ಡಾಂಗಲ್ ಎಂದು ಕರೆದು ಕಂಪ್ಯೂಟರಿನ ಪಕ್ಕಕ್ಕೆ ಚುಚ್ಚುತ್ತಿದ್ದರು. ಕಿತ್ತರೆ ಕಿತ್ತದ್ದು ಎಲ್ಲರಿಗೂ ಕಾಣುತ್ತಿತ್ತು. ಈಗ ಅದು ಕರ್ನಲ್ ಯಜಮಾನನ ಜೊತೆ ಒಂದೇ ಚಿಪ್ಪಿನಲ್ಲಿ, ಒಂದೇ ಬ್ಯಾಟರಿಯನ್ನು ಉಂಡುಕೊಂಡು ಇರುತ್ತದೆ. ಹಾಗಾಗಿ ತಾನು ಎಚ್ಚರವಿರುವ ತನಕ ಅದೂ ಎಚ್ಚರವಿರುತ್ತದೆ ಎಂದು ಯಜಮಾನ ನಂಬುತ್ತಾನೆ. ಆದರೆ ಅದರ ನಿದ್ದೆ ಬೇರೆ, ಎಚ್ಚರ ಬೇರೆ. ವ್ಯಾಪಾರಿಯ ಫೋನುಗಳಲ್ಲಿ ಅದು ಆಗಾಗ ಮೂರ್ಛೆ ಹೋಗುತ್ತಿತ್ತು.

ವ್ಯಾಪಾರಿ ಬಂದು ಹೇಳಿದ: "ನಿನ್ನ ಮೋಡೆಮ್ ಬೀಳಲಿ ಬಿಡಲಿ, ಟವರ್ ಕಡ್ಡಿ ಬೀಳಬಾರದು. ಕೊಂಡವರು ಅಂಗಡಿಗೆ ಬಂದು ಕೂರುತ್ತಾರೆ. ನನ್ನ ಚಹಾ ಕುಡಿದು ನನ್ನನ್ನೇ ಬೈಯುತ್ತಾರೆ."

ಡ್ರೈವರ್ ಬರೆಯುವವನು ಯೋಚಿಸಿದ. ಕರ್ನಲ್‌ಗೂ ಮೋಡೆಮ್‌ಗೂ ಸೇರಿದ ಮೆಮೊರಿಯೊಂದಿತ್ತು. ಇಬ್ಬರೂ ಬರೆಯುವ, ಇಬ್ಬರೂ ಓದುವ ಹಲಗೆ ಎಂದುಕೋ. ಟವರ್ ಎಷ್ಟಿದೆ ಎಂದು ಮೋಡೆಮ್ ಅದರ ಮೇಲೆ ಬರೆದಿಡುತ್ತಿತ್ತು. ಮೋಡೆಮ್ ಮೂರ್ಛೆ ಹೋದರೂ ಬರೆದದ್ದು ಅಳಿಯುತ್ತಿರಲಿಲ್ಲ. ಅವನು ಅದನ್ನು ಒರೆಸದೆ ಹಾಗೇ ಬಿಟ್ಟ. ಯಾರು ಕೇಳಿದರೂ ಅದನ್ನೇ ಓದಿ ಹೇಳು ಎಂದು ಡ್ರೈವರ್‌ಗೆ ಕಲಿಸಿದ. ಮೋಡೆಮ್ ಏಳುವ ತನಕ ಎಬ್ಬಿಸುತ್ತಿರು ಎಂದೂ ಕಲಿಸಿದ. ಹನ್ನೊಂದು ಸೆಕೆಂಡಿಗೆ ಅದು ಏಳುತ್ತಿತ್ತು. ಏಳದಿದ್ದರೆ ಏನು ಮಾಡಬೇಕೆಂದು ಅವನು ಬರೆಯಲಿಲ್ಲ. ಪ್ರತಿ ಸಲವೂ ಎದ್ದಿತ್ತಲ್ಲ.

ಬೈಗುಳ ನಿಂತಿತು. ವ್ಯಾಪಾರಿಯ ಚಹಾ ಉಳಿಯಿತು.

ಆ ಫೋನುಗಳಲ್ಲಿ ಒಂದನ್ನು ಒಬ್ಬ ಲೈನ್‌ಮನ್ ಕೊಂಡಿದ್ದ. ಅವನು ಗುಡ್ಡದ ಸಾಲಿನಲ್ಲಿ ಕರೆಂಟು ಕಂಬ ಹತ್ತುವವನು. ಹತ್ತುವ ಮೊದಲು ಸ್ಟೇಷನ್ನಿನ ಆಪರೇಟರನಿಗೆ ಫೋನು ಮಾಡುತ್ತಿದ್ದ. ಆಪರೇಟರ್ ಲೈನು ಆಫ್ ಮಾಡುತ್ತಿದ್ದ. ಲೈನ್‌ಮನ್ ಕೆಲಸ ಮುಗಿಸಿ ಇಳಿದು, "ಹಾಕು" ಎಂದ ಮೇಲೆ ಆನ್ ಮಾಡುತ್ತಿದ್ದ.

ಆ ಗುಡ್ಡದಲ್ಲಿ ಟವರ್ ಬರುತ್ತಿತ್ತು, ಹೋಗುತ್ತಿತ್ತು. ಅದಕ್ಕೆ ಇಬ್ಬರೂ ಒಂದು ಮಾತು ಮಾಡಿಕೊಂಡಿದ್ದರು. ಇಲಾಖೆಯ ಪುಸ್ತಕದಲ್ಲಿ ಅದು ಇರಲಿಲ್ಲ.

"ನೋಡು, ಟವರ್ ಹೋದರೆ ನಾನು ಕೆಳಗಿಳಿದೆ ಅಂತ ತಿಳ್ಕೋ, ಬೇಕಿದ್ದರೆ ಲೈನು ಹಾಕು. ಮತ್ತೆ ನಿನ್ನ ಒಡಕು ದನಿ ಕೇಳೋ ತನಕ ಹತ್ತೋದಿಲ್ಲ" ಎಂದಿದ್ದ ಲೈನ್‌ಮನ್.

"ನನ್ನ ದನಿಗೆ ಏನಾಗಿದೆಯೋ ಮಹರಾಯ" ಎಂದಿದ್ದ ಆಪರೇಟರ್.

ಈ ಫೋನು ಬರುವ ಮೊದಲಿನಿಂದಲೂ, ಹನ್ನೊಂದು ವರ್ಷ ಇಬ್ಬರೂ ಆ ಮಾತಿನಂತೆ ನಡೆದರು. ಕಂಬದ ಮೇಲೆ ಲೈನ್‌ಮನ್ ಆಗಾಗ ಜೇಬಿನಿಂದ ಫೋನು ತೆಗೆದು ನೋಡುತ್ತಿದ್ದ. ಕಡ್ಡಿ ಇದ್ದರೆ ಕೆಲಸ. ಇಲ್ಲದಿದ್ದರೆ ಅರ್ಧಕ್ಕೆ ಬಿಟ್ಟು ಇಳಿಯುತ್ತಿದ್ದ. ಮಳೆ ಬರಲಿ, ಒಂದೇ ಒಂದು ಬೋಲ್ಟು ಬಾಕಿ ಇರಲಿ, ಇಳಿಯುತ್ತಿದ್ದ.

ಒಂದು ಮಧ್ಯಾಹ್ನ ಅವನು ಲೈನು ಆಫ್ ಮಾಡಿಸಿ ಹತ್ತಿದ. ಹತ್ತಿದ ಸ್ವಲ್ಪ ಹೊತ್ತಿಗೆ ಜೇಬಿನಲ್ಲಿದ್ದ ಫೋನಿನ ಮೋಡೆಮ್ ಮೂರ್ಛೆ ಹೋಯಿತು. ಡ್ರೈವರ್ ಎಬ್ಬಿಸಿತು. ಏಳಲಿಲ್ಲ. ಮತ್ತೆ ಎಬ್ಬಿಸಿತು. ಹಲಗೆಯ ಮೇಲೆ ನಾಲ್ಕು ಕಡ್ಡಿ ಎಂದು ಬರೆದಿತ್ತು. ಪರದೆ ಅದನ್ನೇ ತೋರಿಸಿತು.

ಆ ಲೈನಿನ ಕೊನೆಯಲ್ಲಿ ಒಂದು ಆಸ್ಪತ್ರೆಯಿತ್ತು. ಅಲ್ಲಿಂದ ಡಾಕ್ಟರು ಆಪರೇಟರನಿಗೆ ಫೋನು ಮಾಡಿದರು. "ಹೆರಿಗೆ ಆಪರೇಷನ್ ನಡೆಯುತ್ತಿದೆ. ಜನರೇಟರ್ ನಿಂತಿದೆ. ಹೊಟ್ಟೆ ತೆರೆದಿಟ್ಟು ಟಾರ್ಚ್ ಹಿಡಿದು ನಿಂತಿದ್ದೇವೆ."

ಆಪರೇಟರ್ ಲೈನ್‌ಮನ್‌ನನ್ನು ಕರೆದ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಆರು ಸಲ ಕರೆದ. ಆರೂ ಸಲ ಅದೇ. ಟವರ್ ಹೋಗಿದೆ, ಹಾಗಾದರೆ ಇಳಿದಿದ್ದಾನೆ ಎಂದುಕೊಂಡ. ಆದರೂ ಗಡಿಯಾರ ನೋಡುತ್ತ ಕಾಲು ಗಂಟೆ ಕಾದ. ಆರಾಮವಾಗಿ ಇಳಿದರೂ ಐದು ನಿಮಿಷ ಸಾಕಿತ್ತು. ಡಾಕ್ಟರು ಮತ್ತೆ ಫೋನು ಮಾಡಿದರು. ಅವನು ಸ್ವಿಚ್ಚಿನ ಮೇಲೆ ಕೈ ಇಟ್ಟ.

ಆ ಕಾಲು ಗಂಟೆಯಲ್ಲಿ ಲೈನ್‌ಮನ್ ಮೂರು ಸಲ ಫೋನು ನೋಡಿದ್ದ. ಇವತ್ತು ಟವರ್ ಚೆನ್ನಾಗಿದೆ ಎಂದುಕೊಂಡಿದ್ದ.

ಮಗು ಬದುಕಿತು, ತಾಯಿ ಬದುಕಿದಳು. ಕರೆಂಟು ಹೊಡೆದು ಲೈನ್‌ಮನ್ ಸೊಂಟದ ಬೆಲ್ಟಿನಲ್ಲಿ ನೇತಾಡಿದ. ಅವನೂ ಬದುಕಿದ. ಬಲಗೈಯನ್ನು ಭುಜದ ತನಕ ತೆಗೆದರು.

ಫೋನಿಗೆ ಏನೂ ಆಗಿರಲಿಲ್ಲ. ಅದು ವ್ಯಾಪಾರಿಯ ಕೈಗೆ ಬಂತು. ವ್ಯಾಪಾರಿ ಅದನ್ನು ಡ್ರೈವರ್ ಬರೆಯುವವನ ಮುಂದಿಟ್ಟು, "ನಮ್ಮದೇನೂ ತಪ್ಪಿಲ್ಲ ಅಂತ ಒಂದು ಸಾಲು ಬರೆದುಕೊಡು" ಎಂದ. ಅವನು ಕೇಬಲ್ ಹಾಕಿ ಒಳಗಿನ ಲಾಗ್ ತೆರೆದ. ಡ್ರೈವರ್ ತಾನು ಮಾಡಿದ್ದನ್ನೆಲ್ಲ ಲಾಗ್‌ನಲ್ಲಿ ಬರೆದಿಡುತ್ತದೆ. ಸುಳ್ಳು ಬರೆಯುವುದಿಲ್ಲ. ಲೈನಿಗೆ ಕರೆಂಟು ಬಂದಾಗ ಮೋಡೆಮ್ ಬಿದ್ದು ನಲವತ್ತೆರಡು ನಿಮಿಷವಾಗಿತ್ತು. ಡ್ರೈವರ್ ಅದನ್ನು ಇನ್ನೂರಕ್ಕೂ ಹೆಚ್ಚು ಸಲ ಎಬ್ಬಿಸಿ ನೋಡಿತ್ತು. ಪ್ರತಿ ಸಲಕ್ಕೂ ಒಂದು ಸಾಲು ಬರೆದಿತ್ತು. ಅವನು ಎಲ್ಲವನ್ನೂ ಓದಿದ. ವ್ಯಾಪಾರಿಗೆ ಏನನ್ನೂ ಬರೆದುಕೊಡಲಿಲ್ಲ. ಎದ್ದು ಲೈನ್‌ಮನ್ ಮಲಗಿದ್ದ ಆಸ್ಪತ್ರೆಗೆ ಹೋದ.

ಹಾಸಿಗೆಯ ಪಕ್ಕ ನಿಂತು ತಾನು ಯಾರೆಂದು ಹೇಳಿದ. ಹಲಗೆಯ ವಿಷಯವನ್ನೂ ಹೇಳಿದ. ಆಮೇಲೆ, "ಅಣ್ಣಾ, ನಾನು ಪೂರ್ತಿ ಮುಚ್ಚಿಡಲಿಲ್ಲ. ಬಿದ್ದದ್ದೆಲ್ಲ ಲಾಗ್‌ನಲ್ಲಿ ಬರೆದಿದೆ" ಎಂದ.

"ಅದೆಲ್ಲಿರುತ್ತೆ ಸಾರ್?"

"ಫೋನಿನ ಒಳಗೆ. ಕಂಪ್ಯೂಟರಿಗೆ ಕೇಬಲ್ ಹಾಕಿ ತೆರೆದರೆ ಕಾಣುತ್ತದೆ."

ಲೈನ್‌ಮನ್, "ಹಾಗಾದರೆ ಕಂಪ್ಯೂಟರ್ ಹೊತ್ಕೊಂಡು ಕಂಬ ಹತ್ತಬೇಕಿತ್ತು ಅನ್ನಿ. ನಾನು ಓದಿದ್ದು ಏಳನೇ ಕ್ಲಾಸು ಸಾರ್. ಕಡ್ಡಿ ಎಣಿಸೋಕೆ ಬರುತ್ತೆ, ಅಷ್ಟೇ" ಎಂದ.

ಡ್ರೈವರ್ ಬರೆಯುವವನು ತಲೆ ತಗ್ಗಿಸಿದ.

"ಆಪರೇಟರನ್ನ ಯಾರೂ ಬೈಬೇಡಿ" ಎಂದ ಲೈನ್‌ಮನ್. "ಅವನು ಮಾತಿನಂತೆ ನಡೆದ. ನಾನೂ ನಡೆದೆ."

ಗುರುಗಳು ಕತೆ ನಿಲ್ಲಿಸಿದರು.

ಫಕೀರೇಶ ತನ್ನ ಮುಂದಿದ್ದ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಮೋಡೆಮ್ ಬಿದ್ದಾಗ ಏನು ಮಾಡಬೇಕೆಂಬ ಹಾಳೆ ಬಂದಾಗ ನಿಲ್ಲಿಸಿದ. ಅಲ್ಲಿ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ಜಾಗದಲ್ಲಿ ಏಳು ಸೆಕೆಂಡು ಎಂದು ಬರೆದಿತ್ತು. ಅವನು ಅದನ್ನು ಹೊಡೆದುಹಾಕಲಿಲ್ಲ. ಹಾಗೇ ಬಿಡಲೂ ಅವನಿಗೆ ಮನಸ್ಸು ಬರಲಿಲ್ಲ.

"ಗುರುಗಳೇ, ಮೋಡೆಮ್ ಏಳದಿದ್ದರೆ ಏನು ಎಂದು ಅವನು ಬರೆಯಲಿಲ್ಲ. ನಾನು ಬರೆಯುತ್ತೇನೆ. ನನ್ನದು ನಲವತ್ತೆರಡು ನಿಮಿಷ ಆಗುವುದಿಲ್ಲ" ಎಂದ. "ಏಳು ಹೆಚ್ಚಾಯಿತು ಅಂದರೆ ಐದು ಮಾಡುತ್ತೇನೆ. ಮೂರಾದರೂ ಮಾಡುತ್ತೇನೆ. ಎಷ್ಟು ಸೆಕೆಂಡು ಮುಚ್ಚಿಟ್ಟರೆ ತಪ್ಪಲ್ಲ, ನೀವೇ ಹೇಳಿ."

ಗುರುಗಳು ಕನ್ನಡಕ ಹಾಕಿಕೊಂಡು ತಮ್ಮ ಪೆನ್ನನ್ನು ಅವನ ಕೈಗೆ ಕೊಟ್ಟರು.

"ಕಂಬದ ಮೇಲಿರುವವನನ್ನು ಕೇಳಿ ಬರೆ."